ಸಮುದಾಯ ಮಹಾವಿದ್ಯಾಲಯದ ಧ್ಯೇಯೋದ್ದೇಶಗಳು

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ)



ವಿದ್ಯಾಲಯವೊಂದನ್ನು ಸ್ಥಾಪಿಸಬೇಕೆಂಬ ಸಂಕಲ್ಪವು ಎಲ್ಲಿ ಹುಟ್ಟಿದರೂ ಅಲ್ಲಿ ಮೊದಲು ಏಳುವ ಪ್ರಶ್ನೆಯು ನಿವೇಶನದ್ದು. ತರುವಾಯ ಏಳುವುದು ದ್ರವ್ಯದ್ದು. ಅದು ಯಾರಿಗೋಸ್ಕರ, ಅಲ್ಲಿಗೆ ಬಂದವರು ಕಡೆಗೆ ಎಲ್ಲಿಗೆ ತಲುಪಬೇಕು ಎಂಬ ಪ್ರಶ್ನೆಯು ಬಹುಶಃ ಎಲ್ಲಕ್ಕಿಂತ ಹಿಂದೆ ಬರುವುದು; ಅನೇಕ ಕಡೆ ಬರುವುದೇ ಇಲ್ಲ. ಉದ್ಘಾಟನೆಯ ಶಿಲಾಶಾಸನದಲ್ಲಿ ಧ್ಯೇಯವಾಕ್ಯವನ್ನು ಕೆತ್ತಿಸಿದ ಮಾತ್ರಕ್ಕೆ ಆ ಪ್ರಶ್ನೆಗೆ ಉತ್ತರವಾಯಿತೆಂದು ಎಣಿಸುವವರೂ ಉಂಟು. ಸಮುದಾಯ ಮಹಾವಿದ್ಯಾಲಯ ಅಥವಾ ಸಮುದಾಯ ಕಾಲೇಜು ಎಂಬ ಹೆಸರು ಈಚಿನ ವರ್ಷಗಳಲ್ಲಿ ಈ ದೇಶದಲ್ಲಿಯೂ ಕೇಳಿಬರುತ್ತಿರುವುದರಿಂದ, ಆ ಬಗೆಯ ಸಂಸ್ಥೆಯು ಹುಟ್ಟಿ ಬೆಳೆದ ಅಮೇರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅದರ ಉದ್ದೇಶವು ಏನೆಂದು ಹೇಳಲ್ಪಟ್ಟಿತು, ನೂರಿಪ್ಪತ್ತಕ್ಕೂ ಮಿಕ್ಕಿದ ವರ್ಷಗಳಲ್ಲಿ ಆ ಉದ್ದೇಶವು ಎಷ್ಟರಮಟ್ಟಿಗೆ ಕೈಗೂಡಿತು, ಎಲ್ಲಿ ಕೈಗೂಡಲಿಲ್ಲ ಎಂಬುದನ್ನು ಪರಾಮರ್ಶಿಸುವುದೇ ಈ ಉಪನ್ಯಾಸದ ವಿಷಯವು.

ಮೊದಲು ಹೆಸರಿನ ವಿಚಾರ. ಕನ್ನಡಿಗರ ಕಿವಿಗೆ 'ಸಮುದಾಯ' ಎಂಬ ಶಬ್ದವು ಬಿದ್ದೊಡನೆ ಒಂದು ಜಾತಿಯವರು, ಒಂದು ಮತದವರು ಎಂಬ ಅರ್ಥವು ಮುಂದೆ ಬರುತ್ತದೆ. ಅದರಿಂದ ಸಮುದಾಯ ಮಹಾವಿದ್ಯಾಲಯವೆಂದರೆ ಒಂದು ಜನಾಂಗದವರು ತಮ್ಮ ಮಕ್ಕಳಿಗೋಸ್ಕರ ನಡೆಯಿಸುವ ಕಾಲೇಜು ಎಂಬ ಭ್ರಾಂತಿಯು ಸಹಜವಾಗಿಯೇ ಉಂಟಾಗುವುದು. ಮೂಲದಲ್ಲಿ ಆ ಅರ್ಥವು ಎಳ್ಳಷ್ಟೂ ಇಲ್ಲ. ಅಲ್ಲಿ ಸಮುದಾಯವೆಂದರೆ ಒಂದು ಊರಿನಲ್ಲಿಯೂ ಅದರ ಸುತ್ತಣ ಸೀಮೆಯಲ್ಲಿಯೂ ವಾಸಿಸುವ ಸಮಸ್ತರು: ಬಡಗಿಯೂ ಹೌದು, ವರ್ತಕನೂ ಹೌದು, ನಿನ್ನೆ ಬೇರೆ ದೇಶದಿಂದ ವಲಸೆ ಬಂದ ಕೂಲಿಕಾರನೂ ಹೌದು. ದೂರದ ನಗರಕ್ಕೆ ಹೋಗಿ ನಾಲ್ಕು ವರ್ಷ ನಿಂತು ಓದಲು ಶಕ್ತಿಯಿಲ್ಲದವನಿಗೆ, ಮನೆಯಿಂದಲೇ ಹೋಗಿ ಬರುವಷ್ಟು ಸಮೀಪದಲ್ಲಿ, ಪ್ರೌಢಶಾಲೆಯ ಮುಂದಿನ ಎರಡು ವರ್ಷಗಳ ಶಿಕ್ಷಣವನ್ನು ಕಡಿಮೆ ಶುಲ್ಕದಲ್ಲಿ ಒದಗಿಸುವ ಸಾರ್ವಜನಿಕ ವಿದ್ಯಾಲಯಕ್ಕೆ ಆ ಹೆಸರು ಸಲ್ಲುವುದು. ಈ ವಿವರಣೆಯಲ್ಲಿ 'ಸಮೀಪ' ಎಂಬ ಮಾತಿಗೆ ವಿಶೇಷ ತೂಕವಿರುವುದು. ಹತ್ತು ಮೈಲಿಯ ದೂರವು ಶ್ರೀಮಂತನ ಮಗನಿಗೆ ದೂರವೇ ಅಲ್ಲ. ಬೆಳಗ್ಗೆ ಹಾಲು ಕರೆದು, ತಮ್ಮಂದಿರಿಗೆ ಉಣಬಡಿಸಿ ಹೊರಡತಕ್ಕ ಹೆಣ್ಣುಮಗಳಿಗೆ ಅದೇ ಸಮುದ್ರವಾಗುವುದು.

ಈ ಬಗೆಯ ಸಾರ್ವಜನಿಕ ವಿದ್ಯಾಲಯಗಳಲ್ಲಿ ಇಂದಿಗೂ ನಡೆಯುತ್ತಿರುವುವುಗಳ ಪೈಕಿ ಅತ್ಯಂತ ಹಳೆಯದು ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನದು. 1901ನೆಯ ಇಸವಿಯಲ್ಲಿ ಅಲ್ಲಿನ ಪ್ರೌಢಶಾಲೆಯ ಅಧಿಕಾರಿಯಾದ ಜೆ. ಸ್ಟ್ಯಾನ್ಲಿ ಬ್ರೌನ್ ಎಂಬವರೂ, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಎಂಬವರೂ ಕೂಡಿ ಅದನ್ನು ಆರಂಭಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳು ಆರೇ ಮಂದಿ. ಊರನ್ನು ಬಿಡದೆಯೇ ಕಾಲೇಜಿನ ಪಾಠವನ್ನು ಓದಬೇಕೆಂಬ ಬಯಕೆಯುಳ್ಳವರಿಗಾಗಿ ಪ್ರೌಢಶಾಲೆಯ ಆವರಣದಲ್ಲಿಯೇ ಈ ತರಗತಿಗಳು ಏರ್ಪಟ್ಟವು.

ಹಾರ್ಪರ್ ಮಹಾಶಯನ ವಿಚಾರವಾಗಿ ಎರಡು ಮಾತು ಹೆಚ್ಚಾಗಿ ಹೇಳಿದರೆ ಪಾಠಶಾಲೆಗಳಲ್ಲಿ ವ್ಯಾಕರಣವನ್ನು ಓದಿದವರಿಗೆ ಸಂತೋಷವಾಗುವುದು. 1856ರಲ್ಲಿ ಹುಟ್ಟಿದ ಈತನು ಹತ್ತೊಂಬತ್ತು ವರ್ಷ ತುಂಬುವ ಮೊದಲೇ, 1875ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದನು. ಆ ಪದವಿಗಾಗಿ ಬರೆದ ಪ್ರಬಂಧವು ಲ್ಯಾಟಿನ್, ಗ್ರೀಕ್, ಸಂಸ್ಕೃತ ಮತ್ತು ಗಾಥಿಕ್ ಭಾಷೆಗಳ ಉಪಸರ್ಗಗಳನ್ನು ಹೋಲಿಸಿ ನೋಡುವಂಥದು. ತರುವಾಯ ಹೀಬ್ರೂ ಭಾಷೆಯ ಪಂಡಿತನಾಗಿ ಪ್ರಸಿದ್ಧನಾದನು. ಪ್ರ, ಪರಾ, ಅಪ, ಸಂ ಎಂದು ಉಪಸರ್ಗಗಳನ್ನು ಎಣಿಸಿದ ಕೈಯೇ ಕಾರ್ಖಾನೆಗಳ ಊರಿನ ಮಕ್ಕಳಿಗಾಗಿ ಕಾಲೇಜಿನ ಬಾಗಿಲನ್ನು ತೆರೆಯಿತೆಂಬುದು ಸ್ವಾರಸ್ಯವಾದ ಸಂಗತಿ. ಶಾಸ್ತ್ರಪಾಂಡಿತ್ಯಕ್ಕೂ ಲೋಕೋಪಯೋಗಕ್ಕೂ ವಿರೋಧವೆಂದು ಹೇಳುವವರಿಗೆ ಇದೊಂದು ಉತ್ತರವೂ ಅಹುದು.

ಆದರೆ ಸತ್ಯವನ್ನು ಮರೆಮಾಚಕೂಡದು. ಹಾರ್ಪರನ ಉದ್ದೇಶವು ಕೇವಲ ಕಾರುಣ್ಯದಿಂದ ಹುಟ್ಟಿದುದಲ್ಲ. ವಿಶ್ವವಿದ್ಯಾನಿಲಯದ ಮೊದಲೆರಡು ವರ್ಷಗಳ ಪಾಠವು ಪ್ರೌಢಶಾಲೆಯ ಪಾಠದ ಮುಂದುವರಿಕೆಯೇ ಆಗಿರುವುದೆಂದೂ, ಅದನ್ನು ಹೊರಗಿನ ಸಂಸ್ಥೆಗಳಿಗೆ ಒಪ್ಪಿಸಿಬಿಟ್ಟರೆ ವಿಶ್ವವಿದ್ಯಾನಿಲಯವು ಸಂಶೋಧನೆಯ ಉನ್ನತಕಾರ್ಯಕ್ಕೆ ಬಿಡುವಾಗುವುದೆಂದೂ ಆತನು ಬಗೆದಿದ್ದನು. ಷಿಕಾಗೋವಿನಲ್ಲಿ ಮೊದಲೆರಡು ವರ್ಷಗಳನ್ನು 'ಜೂನಿಯರ್ ಕಾಲೇಜು' ಎಂದು 1896ರಿಂದ ಕರೆದುದೂ ಈ ದೃಷ್ಟಿಯಿಂದಲೇ. ಅಂದರೆ ಈ ಸಂಸ್ಥೆಗೆ ಹುಟ್ಟಿನಿಂದಲೇ ಎರಡು ಮುಖಗಳು. ಒಂದು, ಹೊರಗಿದ್ದವರನ್ನು ಒಳಕ್ಕೆ ಕರೆಯುವ ಬಾಗಿಲು. ಎರಡು, ಬಹುಜನರನ್ನು ಕೆಳಗಿನ ಪಡಸಾಲೆಯಲ್ಲಿಯೇ ಕೂರಿಸಿ ಮೇಲಿನ ಮಾಳಿಗೆಯನ್ನು ಕೆಲವರಿಗೆ ಮೀಸಲಿಡುವ ಉಪಾಯ. ಮುಂದೆ ನಡೆದ ಕಥೆಯೆಲ್ಲವೂ ಈ ಎರಡು ಮುಖಗಳೊಳಗಣ ಜಗ್ಗಾಟವೇ ಸರಿ.

ಜೋಲಿಯೆಟ್ಟಿನ ಬಳಿಕ ಕ್ಯಾಲಿಫೋರ್ನಿಯದಲ್ಲಿ 1907ರ ಕಾನೂನಿನ ಮೇರೆಗೆ ಪ್ರೌಢಶಾಲೆಗಳು ಕಾಲೇಜಿನ ಪಾಠಗಳನ್ನು ಹೇಳಲು ಅವಕಾಶವಾಗಿ, 1910ರಲ್ಲಿ ಫ್ರೆಸ್ನೊ ಎಂಬಲ್ಲಿ ಅಂತಹ ಮೊದಲ ಕಾಲೇಜು ತೆರೆಯಿತು. 1920ರ ಹೊತ್ತಿಗೆ ಇವುಗಳಿಗೊಂದು ರಾಷ್ಟ್ರೀಯ ಸಂಘವೇ ಏರ್ಪಟ್ಟಿತು. ಎರಡನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಮತ್ತೊಂದು ಪ್ರವಾಹವು ಬಂದಿತು. ಯುದ್ಧದಿಂದ ಹಿಂದಿರುಗುವ ಸೈನಿಕರಿಗೆ ವಿದ್ಯಾಭ್ಯಾಸದ ವೆಚ್ಚವನ್ನು ಸರ್ಕಾರವೇ ಕೊಡತಕ್ಕದ್ದೆಂಬ ಕಾನೂನು 1944ರ ಜೂನ್ ತಿಂಗಳಲ್ಲಿ ಜಾರಿಗೆ ಬಂದುದರಿಂದ, ಕಾಲೇಜಿನ ಮೆಟ್ಟಿಲನ್ನೇ ಕಂಡರಿಯದ ಮನೆತನಗಳ ಲಕ್ಷಾಂತರ ಯುವಕರು ತರಗತಿಗಳಿಗೆ ಬಂದರು. ಕಾಲೇಜು ಎಲ್ಲರಿಗೂ ಸಲ್ಲುವ ವಸ್ತುವಲ್ಲವೆಂದು ಅದುವರೆಗೆ ವಾದಿಸುತ್ತಿದ್ದವರ ಮಾತು ಅಲ್ಲಿಗೆ ದುರ್ಬಲವಾಯಿತು.

ಧ್ಯೇಯೋದ್ದೇಶಗಳನ್ನು ಸ್ಪಷ್ಟವಾದ ಮಾತುಗಳಲ್ಲಿ ನಿರೂಪಿಸಿದುದು 1947ನೆಯ ಇಸವಿಯ ವರದಿ. ಭಾರತವು ಸ್ವತಂತ್ರವಾದ ಅದೇ ವರ್ಷದ ಡಿಸೆಂಬರ್ ತಿಂಗಳಿನಿಂದ ಇದರ ಸಂಪುಟಗಳು ಹೊರಬಿದ್ದವು. ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ಹಿಂದಿನ ವರ್ಷ ನೇಮಿಸಿದ ಆಯೋಗಕ್ಕೆ ಜಾರ್ಜ್ ಜೂಕ್ ಎಂಬ ವಿದ್ವಾಂಸರು ಮುಖ್ಯಸ್ಥರಾಗಿದ್ದರು. ಆರು ಸಂಪುಟಗಳ ಆ ವರದಿಯ ಸಾರವಿಷ್ಟು: ಪ್ರಜೆಗಳಲ್ಲಿ ನೂರಕ್ಕೆ ನಲವತ್ತೊಂಬತ್ತು ಮಂದಿಯಾದರೂ ಹದಿನಾಲ್ಕು ವರ್ಷಗಳ ಶಿಕ್ಷಣವನ್ನು ಪೂರೈಸಲು ಬುದ್ಧಿಶಕ್ತಿಯುಳ್ಳವರು, ಅವರಲ್ಲಿ ಬಹುಮಂದಿ ಹೊರಗುಳಿದಿರುವುದಕ್ಕೆ ಕಾರಣವು ಬುದ್ಧಿಯ ಕೊರತೆಯಲ್ಲ, ಹಣದ ಕೊರತೆ, ದೂರ, ಬಣ್ಣ ಮತ್ತು ಮತದ ತಾರತಮ್ಯ, ಆದುದರಿಂದ ಹದಿನಾಲ್ಕನೆಯ ತರಗತಿಯವರೆಗೆ ಶಿಕ್ಷಣವು ಉಚಿತವಾಗಿ ದೊರೆಯತಕ್ಕದ್ದು, ಅದನ್ನು ಒದಗಿಸುವ ಮುಖ್ಯ ಸಾಧನವಾಗಿ ಊರೂರುಗಳಲ್ಲಿ ಸಮುದಾಯ ಮಹಾವಿದ್ಯಾಲಯಗಳು ಹರಡತಕ್ಕದ್ದು. 'ಜೂನಿಯರ್' ಎಂಬ ಹಳೆಯ ಹೆಸರು ಹಿಂದಕ್ಕೆ ಸರಿದು ಈ ಹೊಸ ಹೆಸರು ಬಳಕೆಗೆ ಬಂದುದು ಈ ವರದಿಯ ಪ್ರಭಾವದಿಂದ. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆಗಳನ್ನು ವಿಧಿಸುವ ಕಾನೂನುಗಳು ಅಳಿಯಬೇಕೆಂದೂ ಆಯೋಗವು ಹೇಳಿತು. ಆ ಮಾತಿಗೆ ಸದಸ್ಯರಲ್ಲಿಯೇ ನಾಲ್ವರು ಒಪ್ಪದೆ ತಮ್ಮ ಭಿನ್ನಮತವನ್ನು ದಾಖಲೆ ಮಾಡಿಸಿದರು. ಊರಿನ ಸಮಸ್ತರೂ ಒಂದೇ ಸಮುದಾಯವೆಂದು ಹೇಳುವುದು ಸುಲಭ. ಸಮಸ್ತರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಹೊತ್ತಿಗೆ ಆಸನದಿಂದ ಏಳುವವರು ಎಲ್ಲ ದೇಶಗಳಲ್ಲಿಯೂ ಇರುವರು.

ಹೀಗೆ ಸ್ಥಿರಪಟ್ಟ ಉದ್ದೇಶಗಳು ಯಾವುವೆಂದರೆ, ಎರಡು ವರ್ಷ ಓದಿದವರನ್ನು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಕಳುಹಿಸುವುದು ಮೊದಲನೆಯದು. ಜೀವನೋಪಾಯದ ವೃತ್ತಿಗಳನ್ನು ಕಲಿಸುವುದು ಎರಡನೆಯದು. ವಯಸ್ಕರಿಗೆ ಸಾಯಂಕಾಲದ ತರಗತಿಗಳು, ಊರಿನ ಜನರಿಗೆ ನಾಗರಿಕತ್ವದ ತಿಳಿವಳಿಕೆ, ಇವೂ ಸೇರಿದವು. ಕಡೆಯದಾಗಿ ಹಿಂದಿನ ತರಗತಿಗಳಲ್ಲಿ ಕಲಿಯದೆ ಬಿಟ್ಟುದನ್ನು ಪುನಃ ಮೊದಲಿನಿಂದ ಕಲಿಸುವುದು.

ಇವುಗಳಲ್ಲಿ ವೃತ್ತಿಶಿಕ್ಷಣದ ಫಲವು ಕಣ್ಣಿಗೆ ಕಾಣುವಂತೆ ಬಂದುದು ದಾದಿಯರ ಶಿಕ್ಷಣದಲ್ಲಿ. ಅದಕ್ಕೆ ಮೊದಲು ದಾದಿಯರ ತರಬೇತಿಯು ಬಹುತರ ಆಸ್ಪತ್ರೆಗಳ ಕೈಯಲ್ಲಿದ್ದು, ಕಲಿಯಲು ಬಂದ ಹೆಣ್ಣುಮಕ್ಕಳೇ ಆಸ್ಪತ್ರೆಯ ದುಡಿಮೆಗೆ ಆಧಾರವಾಗಿದ್ದರು. 1952ರಲ್ಲಿ ಮಿಲ್ಡ್ರೆಡ್ ಮಾಂಟಾಗ್ ಎಂಬ ವಿದುಷಿಯು, ಎರಡು ವರ್ಷಗಳ ಕಾಲೇಜು ಶಿಕ್ಷಣದಿಂದ ಸಮರ್ಥ ದಾದಿಯರನ್ನು ಸಿದ್ಧಗೊಳಿಸಬಹುದೆಂದು ಏಳು ಕಾಲೇಜುಗಳಲ್ಲಿ ಪ್ರಯೋಗವನ್ನು ನಡೆಯಿಸಿದಳು. ಅದು ಸಫಲವಾಗಿ ದೇಶದಲ್ಲೆಲ್ಲ ಹರಡಿತು. ಗೃಹಿಣಿಯರೂ ಮಕ್ಕಳ ತಾಯಂದಿರೂ ತಮ್ಮ ಊರಿನಲ್ಲಿಯೇ ಓದಿ ತಮ್ಮ ಊರಿನ ಆಸ್ಪತ್ರೆಯಲ್ಲಿಯೇ ಕೆಲಸಕ್ಕೆ ನಿಲ್ಲುವುದು ಇದರಿಂದ ಸಾಧ್ಯವಾಯಿತು. ಈ ಏರ್ಪಾಡಿನಲ್ಲಿ ವಿದ್ಯೆಯೂ ಊರೂ ಒಂದಕ್ಕೊಂದು ಒದಗಿಬಂದವು.

ಕಡೆಯದಾಗಿ ಹೇಳಿದ ಪುನಶ್ಶಿಕ್ಷಣದ ವಿಚಾರವನ್ನು ಅನೇಕರು ಕೀಳಾಗಿ ಕಾಣುವರು. ಇಪ್ಪತ್ತೈದು ವರ್ಷದವನಿಗೆ ಭಿನ್ನರಾಶಿಯ ಲೆಕ್ಕವನ್ನು ಕಲಿಸುವುದು ಮಹಾವಿದ್ಯಾಲಯದ ಘನತೆಗೆ ತಕ್ಕುದೇ ಎಂದು ಕೇಳುವರು. ಪಾಠಶಾಲೆಗಳ ಪರಂಪರೆಯನ್ನು ಬಲ್ಲವರಿಗೆ ಈ ಆಕ್ಷೇಪವು ಹುರುಳಿಲ್ಲದ್ದಾಗಿ ತೋರುವುದು. ಕಾವ್ಯಕ್ಕೆ ಬಂದ ಶಿಷ್ಯನು ಶಬ್ದರೂಪದಲ್ಲಿ ತಪ್ಪಿದರೆ ಗುರುಗಳು ಅವನನ್ನು ಮತ್ತೆ ರಾಮಶಬ್ದಕ್ಕೆ ಕರೆದೊಯ್ಯುವರು. ಅದರಲ್ಲಿ ಗುರುವಿಗೂ ಅವಮಾನವಿಲ್ಲ, ಶಿಷ್ಯನಿಗೂ ಇಲ್ಲ. ಆದರೆ ಅಮೇರಿಕದ ಏರ್ಪಾಡಿನಲ್ಲಿ ಒಂದು ದೋಷವು ಕಂಡುಬಂದಿತು. ಪುನಶ್ಶಿಕ್ಷಣದ ತರಗತಿಗಳು ಪದವಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಒಂದರ ಮೇಲೊಂದರಂತೆ ಎರಡು ಮೂರು ತರಗತಿಗಳನ್ನು ದಾಟಬೇಕಾದವನು ಶುಲ್ಕವನ್ನು ತೆತ್ತು, ಕಾಲವನ್ನು ಕಳೆದು, ನಿಜವಾದ ಪಾಠದ ಹೊಸ್ತಿಲನ್ನು ಮುಟ್ಟುವ ಮೊದಲೇ ಮನೆಗೆ ಮರಳುವನು. ಗುರುವು ರಾಮಶಬ್ದಕ್ಕೆ ಕರೆದೊಯ್ದು ಕಾವ್ಯಕ್ಕೆ ಮರಳಿ ಕರೆತರುವುದನ್ನು ಮರೆತಂತಾಯಿತು. ಈಚೆಗೆ ಅನೇಕ ಸಂಸ್ಥಾನಗಳಲ್ಲಿ ಮುಖ್ಯಪಾಠದಲ್ಲಿಯೇ ಸೇರಿಸಿಕೊಂಡು, ಅದರ ಜೊತೆಜೊತೆಗೆ ಸಹಾಯಪಾಠವನ್ನು ಹೇಳುವ ಪದ್ಧತಿಯು ಬಂದಿರುವುದು; ಅದೇ ಸರಿಯಾದ ಮಾರ್ಗ.

ಸಮುದಾಯದ ನುಡಿ, ನಡೆ, ಚರಿತ್ರೆಗಳನ್ನು ಮಹಾವಿದ್ಯಾಲಯವು ಒಳಗೊಳ್ಳುವುದು ಹೇಗೆಂಬುದಕ್ಕೆ ಬೇರೊಂದು ಉದಾಹರಣೆಯು ಅಮೇರಿಕದ ಮೂಲನಿವಾಸಿಗಳಲ್ಲಿ ದೊರೆಯುವುದು. ಅರಿಜೋನಾ ಸಂಸ್ಥಾನದ ಒಣಸೀಮೆಯಲ್ಲಿ ವಾಸಿಸುವ ನವಹೋ ಜನರು 1968ರಲ್ಲಿ ತಮ್ಮದೇ ಆಡಳಿತದ ಮಹಾವಿದ್ಯಾಲಯವೊಂದನ್ನು ತೆರೆದರು. ಮೂಲನಿವಾಸಿಗಳ ಒಂದು ಪಂಗಡವು ತಾನೇ ಸ್ಥಾಪಿಸಿದ ಕಾಲೇಜುಗಳಲ್ಲಿ ಇದೇ ಮೊದಲನೆಯದು. ಅದರ ಹಿಂದಿನ ಅನೇಕ ದಶಕಗಳ ಕಾಲ ಆ ಜನರ ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಒಯ್ದು, ತಾಯ್ನುಡಿಯನ್ನಾಡಿದರೆ ಶಿಕ್ಷಿಸುವ ಕ್ರಮವು ನಡೆದುಬಂದಿತ್ತು. ವಿದ್ಯೆಯೆಂದರೆ ಮಕ್ಕಳನ್ನು ಮನೆಯಿಂದ ಕಿತ್ತೊಯ್ಯುವ ಯಂತ್ರವೆಂದು ಕಂಡ ಜನರು, ವಿದ್ಯೆಯನ್ನು ಮನೆಯ ಅಂಗಳಕ್ಕೇ ತಂದುಕೊಂಡರು. ಅಲ್ಲಿ ಇಂಗ್ಲಿಷೂ ಗಣಿತವೂ ನಡೆಯುವುದಲ್ಲದೆ ನವಹೋ ಭಾಷೆ, ಚರಿತ್ರೆ, ನೆಯ್ಗೆ, ಬೆಳ್ಳಿಯ ಕೆಲಸ ಇವೂ ಪಾಠಗಳಾದವು. 1997ರಿಂದ ಅದಕ್ಕೆ ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರಿನಿಂದ 'ದಿನೇ ಕಾಲೇಜು' ಎಂದು ಹೆಸರಾಗಿರುವುದು. ಇತರ ಪಂಗಡಗಳೂ ಈ ದಾರಿಯನ್ನು ಹಿಡಿದವು. ಅವುಗಳಿಗೆ ನೆರವಾಗಲು 1978ರಲ್ಲಿ ಪ್ರತ್ಯೇಕವಾದ ಕಾನೂನೇ ಬಂದಿತು.

ಇನ್ನು ಈ ಉಪನ್ಯಾಸದ ಮುಖ್ಯವಾದ ಭಾಗಕ್ಕೆ ಬರಬೇಕಾಗಿದೆ. 1960ರಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನವು ಉಚ್ಚಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ಮಾಡಿಕೊಂಡಿತು. ಕ್ಲಾರ್ಕ್ ಕೆರ್ ಎಂಬ ಕುಶಲರಾದ ಆಡಳಿತಗಾರರು ಅದರ ಶಿಲ್ಪಿಗಳಲ್ಲಿ ಪ್ರಮುಖರು. ಪ್ರೌಢಶಾಲೆಯಲ್ಲಿ ತೇರ್ಗಡೆಯಾದವರ ಪೈಕಿ ಮೇಲಣ ಎಂಟನೆಯ ಒಂದು ಭಾಗವು ವಿಶ್ವವಿದ್ಯಾನಿಲಯಕ್ಕೆ, ಮೇಲಣ ಮೂರನೆಯ ಒಂದು ಭಾಗವು ಸಂಸ್ಥಾನದ ಕಾಲೇಜುಗಳಿಗೆ, ಉಳಿದ ಸಮಸ್ತರೂ ಸಮುದಾಯದ ಎರಡು ವರ್ಷಗಳ ಕಾಲೇಜುಗಳಿಗೆ. ಅಲ್ಲಿ ಚೆನ್ನಾಗಿ ಓದಿದವರು ಮೇಲಕ್ಕೆ ಏರಬಹುದು. ಬೋಧನಾಶುಲ್ಕವು ಇಲ್ಲ. ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾದ ಯೋಜನೆಯು ಬೇರೆಲ್ಲಿಯೂ ಇರಲಿಲ್ಲವೆನ್ನಬಹುದು. ಆ ದಶಕದಲ್ಲಿ ದೇಶದಲ್ಲೆಲ್ಲ ಸೇರಿ ನಾನೂರೈವತ್ತಕ್ಕೂ ಹೆಚ್ಚು ಸಾರ್ವಜನಿಕ ಸಮುದಾಯ ಮಹಾವಿದ್ಯಾಲಯಗಳು ಹುಟ್ಟಿದವು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ವಾರಕ್ಕೊಂದು.

ಅದೇ 1960ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞನು, ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯ ಅಂತಹ ಒಂದು ಕಾಲೇಜನ್ನು ಸಮೀಪದಿಂದ ನೋಡಿ, ಮನಸ್ಸನ್ನು ಕಲಕುವ ಒಂದು ವಿಷಯವನ್ನು ಹೇಳಿದನು. ಅವನು ಬಳಸಿದ ಪದವು ಮೋಸಗಾರರ ಗುಂಪಿನಿಂದ ಬಂದುದು. ಗಾಫ್‌ಮನ್ ಎಂಬ ಮತ್ತೊಬ್ಬ ಪಂಡಿತನು 1952ರಲ್ಲಿ ಅದನ್ನು ಶಾಸ್ತ್ರಚರ್ಚೆಗೆ ತಂದಿದ್ದನು. ಒಬ್ಬನ ಹಣವನ್ನು ಲಪಟಾಯಿಸಿದ ಮೋಸಗಾರರು ತಮ್ಮಲ್ಲೊಬ್ಬನನ್ನು ಅಲ್ಲಿಯೇ ಹಿಂದಕ್ಕೆ ಬಿಡುವರಂತೆ. ಮೋಸಹೋದವನು ಕೂಗಾಡದಂತೆ, ಪೋಲೀಸರ ಬಳಿಗೆ ಹೋಗದಂತೆ ಅವನನ್ನು ಸಂತೈಸಿ 'ತಣ್ಣಗೆ ಮಾಡುವುದು' ಅವನ ಕೆಲಸ. ಈ ಕಾಲೇಜುಗಳಲ್ಲಿಯೂ ಅಂಥದೇ ಒಂದು ಕ್ರಿಯೆಯು ನಡೆಯುತ್ತಿದೆಯೆಂದು ಕ್ಲಾರ್ಕನು ಕಂಡನು. ಸರ್ವರಿಗೂ ಬಾಗಿಲು ತೆರೆದಿದೆ, ಮೇಲಕ್ಕೆ ಏರಬಹುದು ಎಂಬ ಆಸೆಯನ್ನು ಹೊತ್ತು ಬರುವ ವಿದ್ಯಾರ್ಥಿಯನ್ನು ಒಮ್ಮೆಗೇ 'ನಿನ್ನಿಂದಾಗದು' ಎಂದು ತಳ್ಳುವುದಿಲ್ಲ. ಪರೀಕ್ಷೆಯೊಂದರ ಅಂಕವನ್ನು ತೋರಿಸುವರು. ಸಲಹೆಗಾರನು ನಯವಾಗಿ ಮಾತನಾಡುವನು. ಬೇರೊಂದು ಸಣ್ಣ ವೃತ್ತಿಯ ಪಾಠವು ಹೆಚ್ಚು ಯೋಗ್ಯವೆಂದು ಸೂಚಿಸುವರು. ಕ್ರಮೇಣ ಅವನು ತನ್ನ ಆಸೆಯನ್ನು ತಾನೇ ಕೆಳಕ್ಕಿಳಿಸಿಕೊಂಡು, ಅದನ್ನು ತನ್ನ ಆಯ್ಕೆಯೆಂದೇ ನಂಬುವನು. ಯಾರ ಮೇಲೂ ದೂರಿಲ್ಲ. ಬಾಗಿಲು ತೆರೆದಿತ್ತಷ್ಟೆ!

ಇಲ್ಲಿ ಒಂದು ನ್ಯಾಯವನ್ನು ಹೇಳದೆ ಬಿಡಕೂಡದು. ಸಣ್ಣ ವೃತ್ತಿಯನ್ನು ಆರಿಸಿಕೊಳ್ಳುವುದು ಸೋಲಲ್ಲ. ದುಡಿದು ಉಣ್ಣುವವನ ಕಾಯಕವು ಓದಿ ಉಣ್ಣುವವನ ಕಾಯಕಕ್ಕಿಂತ ಕೀಳೆಂದು ಈ ಸಭೆಯಲ್ಲಿ ಹೇಳುವವರಿಲ್ಲ. ವೃತ್ತಿಪಾಠವನ್ನೇ ಬಯಸಿ ಬಂದವನು ಅದನ್ನು ಕಲಿತು ಹೋದರೆ ಕಾಲೇಜು ಸಾರ್ಥಕವಾಯಿತು. ಆಕ್ಷೇಪವಿರುವುದು, ಬೇರೊಂದನ್ನು ಬಯಸಿ ಬಂದವನ ಬಯಕೆಯನ್ನು ಅವನಿಗೆ ತಿಳಿಯದಂತೆ ಕಳೆಯುವುದರಲ್ಲಿ. ಅದರಲ್ಲಿಯೂ ಬಡವರ ಬಯಕೆಯನ್ನೇ ಹೆಚ್ಚಾಗಿ ಕಳೆಯುವುದರಲ್ಲಿ.

ಕ್ಲಾರ್ಕನ ಮಾತು ಹಳೆಯದಾಯಿತೆಂದು ಹೇಳಲು ಅವಕಾಶವಿಲ್ಲ. ಈಚಿನ ಗಣನೆಗಳ ಪ್ರಕಾರ, ಸಮುದಾಯ ಮಹಾವಿದ್ಯಾಲಯಕ್ಕೆ ಸೇರುವ ನೂರು ಮಂದಿಯಲ್ಲಿ ಸುಮಾರು ಎಂಬತ್ತು ಮಂದಿ ಪದವಿಯವರೆಗೆ ಓದಬೇಕೆಂಬ ಇಚ್ಛೆಯುಳ್ಳವರು. ನೂರರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ನಾಲ್ಕು ವರ್ಷಗಳ ಸಂಸ್ಥೆಗೆ ಏರುವರು. ಆರು ವರ್ಷಗಳೊಳಗಾಗಿ ಪದವಿಯನ್ನು ಕೈಯಲ್ಲಿ ಹಿಡಿಯುವವರು ಸುಮಾರು ಹದಿನಾರು ಮಂದಿ. ಎಂಬತ್ತಕ್ಕೂ ಹದಿನಾರಕ್ಕೂ ನಡುವೆ ಬಿದ್ದುಹೋದವರಲ್ಲಿ ಮಂದಬುದ್ಧಿಯವರು ಕೆಲವರಿರಬಹುದು. ಹೆಚ್ಚಿನವರು ಕೆಲಸವನ್ನು ಮಾಡುತ್ತ, ಮಕ್ಕಳನ್ನು ಸಾಕುತ್ತ, ಬಾಡಿಗೆಯನ್ನು ತೆರುತ್ತ ಓದುವವರು. ಶುಲ್ಕವನ್ನು ತೆಗೆದುಹಾಕುವುದು ಉತ್ತಮವಾದ ಕ್ರಮವೇ ಸರಿ. ಕ್ಯಾಲಿಫೋರ್ನಿಯವು 1984ರಲ್ಲಿ ತನ್ನ ಕಾಲೇಜುಗಳಿಗೂ ಶುಲ್ಕವನ್ನು ವಿಧಿಸಿ ಹಿಂದೆ ಸರಿದರೆ, ಟೆನೆಸ್ಸೀ ಸಂಸ್ಥಾನವು 2014ರ ಕಾನೂನಿನಿಂದ ಪ್ರೌಢಶಾಲೆ ಮುಗಿಸಿದವರಿಗೆ ಶುಲ್ಕವಿಲ್ಲದ ಸಮುದಾಯ ಕಾಲೇಜನ್ನು ಏರ್ಪಡಿಸಿತು; 2018ರಿಂದ ವಯಸ್ಕರಿಗೂ ಅದನ್ನು ವಿಸ್ತರಿಸಿತು. ಆದರೆ ಶುಲ್ಕವೊಂದನ್ನು ತೆಗೆದ ಮಾತ್ರಕ್ಕೆ ಮಾರ್ಗದ ಮುಳ್ಳುಗಳೆಲ್ಲವೂ ಹೋದಂತಾಗಲಿಲ್ಲ.

ಮತ್ತೇನು ಬೇಕು? ಇದಕ್ಕೆ ಊಹೆಯಿಂದಲ್ಲದೆ ಪ್ರಯೋಗದಿಂದ ಉತ್ತರವನ್ನು ಕೊಟ್ಟುದು ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯ. 2007ರಲ್ಲಿ ತನ್ನ ಸಮುದಾಯ ಮಹಾವಿದ್ಯಾಲಯಗಳಲ್ಲಿ ಅದೊಂದು ಏರ್ಪಾಡನ್ನು ಮಾಡಿತು. ಅದಕ್ಕೆ ಸೇರಿದವನು ಪೂರ್ಣಕಾಲ ಓದತಕ್ಕದ್ದು. ತನ್ನ ಸಲಹೆಗಾರನನ್ನು ತಪ್ಪದೆ ಕಾಣತಕ್ಕದ್ದು. ಪ್ರತಿಯಾಗಿ ಕಾಲೇಜು ಅವನ ಶುಲ್ಕದಲ್ಲಿ ಉಳಿದ ಬಾಕಿಯನ್ನು ಭರಿಸುವುದು, ಪಠ್ಯಪುಸ್ತಕಗಳನ್ನು ಕೊಡುವುದು, ನಗರದ ರೈಲು ಬಸ್ಸುಗಳಲ್ಲಿ ಓಡಾಡುವ ಚೀಟಿಯನ್ನು ಪ್ರತಿ ತಿಂಗಳೂ ಕೊಡುವುದು. ಉಳಿದ ವಿದ್ಯಾರ್ಥಿಗಳಿಗೆ ಆರುನೂರರಿಂದ ಸಾವಿರದೈನೂರು ಮಂದಿಗೆ ಒಬ್ಬ ಸಲಹೆಗಾರನಿದ್ದರೆ, ಇಲ್ಲಿ ಅರವತ್ತರಿಂದ ಎಂಬತ್ತು ಮಂದಿಗೆ ಒಬ್ಬನು. ಇದರ ಫಲವನ್ನು ಪರೀಕ್ಷಿಸಿದವರು, ಒಂದೇ ಸ್ಥಿತಿಗತಿಯ ಬಡ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಈ ಏರ್ಪಾಡನ್ನು ಅನ್ವಯಿಸಿ ನೋಡಿದರು. ಮೂರು ವರ್ಷಗಳ ಕೊನೆಗೆ ಒಂದು ಪಾಲಿನಲ್ಲಿ ನೂರಕ್ಕೆ ಇಪ್ಪತ್ತೆರಡು ಮಂದಿಯೂ, ಏರ್ಪಾಡಿಗೆ ಸೇರಿದ ಪಾಲಿನಲ್ಲಿ ನಲವತ್ತು ಮಂದಿಯೂ ವ್ಯಾಸಂಗವನ್ನು ಪೂರೈಸಿದ್ದರು. ಒಬ್ಬೊಬ್ಬನ ಮೇಲೆ ಮಾಡಿದ ವೆಚ್ಚವು ಅರ್ಧಕ್ಕೂ ಮಿಕ್ಕಿ ಹೆಚ್ಚಾಗಿತ್ತು. ಆದರೆ ಪೂರೈಸಿ ಹೊರಬಂದ ಒಬ್ಬೊಬ್ಬನ ಲೆಕ್ಕಕ್ಕೆ ಹಂಚಿ ನೋಡಿದರೆ ವೆಚ್ಚವು ಕಡಿಮೆಯೇ ಆಗಿತ್ತು. ನಡುದಾರಿಯಲ್ಲಿ ಬಿಟ್ಟುಹೋಗುವವನ ಮೇಲೆ ಮಾಡಿದ ಮಿತವ್ಯಯವು ನಿಜವಾಗಿ ದುರ್ವ್ಯಯವೆಂದು ಇದರಿಂದ ಗೊತ್ತಾಗುವುದು.

ಇದೇ ಏರ್ಪಾಡನ್ನು ಒಹಾಯೋ ಸಂಸ್ಥಾನದ ಮೂರು ಕಾಲೇಜುಗಳು ಅನುಸರಿಸಿದವು. ಅಲ್ಲಿ ನ್ಯೂಯಾರ್ಕಿನಂತೆ ಎಲ್ಲೆಡೆಯೂ ರೈಲಿಲ್ಲ. ಆದುದರಿಂದ ರೈಲಿನ ಚೀಟಿಗೆ ಬದಲಾಗಿ ಮೋಟಾರಿನ ತೈಲಕ್ಕೂ ದಿನಸಿಗೂ ಸಲ್ಲುವ ಚೀಟಿಯನ್ನು ಕೊಟ್ಟರು. ಅಲ್ಲಿಯೂ ಮೂರು ವರ್ಷಗಳಲ್ಲಿ ಪೂರೈಸಿದವರು ನೂರಕ್ಕೆ ಹತ್ತೊಂಬತ್ತರಿಂದ ಮೂವತ್ತೈದಕ್ಕೆ ಏರಿದರು.

ಅನ್ನವಿಲ್ಲದವನಿಗೆ ಅಕ್ಷರವು ಹತ್ತದೆಂಬ ಈ ವಿಷಯವನ್ನು ಕನ್ನಡ ನಾಡಿನ ಮಠಗಳ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಇಲ್ಲಿ ಪ್ರಸಾದನಿಲಯಗಳು ಹುಟ್ಟಿದುದು ಈ ಅರಿವಿನಿಂದಲೇ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಸಹಾಯಕ್ಕೆಂದು ಉಯಿಲಿನ ಮೂಲಕ ಬಿಟ್ಟುದೂ, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯನ್ನು ಕಟ್ಟಿದುದೂ ಎಲ್ಲರೂ ಬಲ್ಲ ಸಂಗತಿಗಳು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ 1941ರಿಂದ 2019ರವರೆಗೆ ಮಠಾಧ್ಯಕ್ಷರಾಗಿದ್ದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ನಡೆಯಿಸಿದರು. ಸಮುದಾಯವೆಂಬ ಶಬ್ದಕ್ಕೆ ಮೊದಲು ಹೇಳಿದ ವಿಶಾಲಾರ್ಥವು ಸಲ್ಲುವುದು ಇಂತಹ ಕಡೆಯಲ್ಲಿಯೇ. ನ್ಯೂಯಾರ್ಕಿನ ಪಂಡಿತರು ಪ್ರಯೋಗದಿಂದ ಸಿದ್ಧಪಡಿಸಿದುದನ್ನು ಇಲ್ಲಿನ ಹಿರಿಯರು ಪ್ರಯೋಗವಿಲ್ಲದೆಯೇ ನಡೆಯಿಸಿದರೆಂದು ಬೀಗುವುದಕ್ಕಿಂತ, ಅವರಲ್ಲಿರುವ ಒಂದು ಗುಣವು ಇಲ್ಲಿ ಇನ್ನೂ ಬಲಿಯಬೇಕೆಂಬುದನ್ನು ಗಮನಿಸುವುದು ಮೇಲು. ಆ ಗುಣವೆಂದರೆ ಲೆಕ್ಕವಿಡುವುದು. ಎಷ್ಟು ಮಂದಿ ಸೇರಿದರೆಂಬ ಲೆಕ್ಕವು ಎಲ್ಲ ಕಡೆಯೂ ಉಂಟು. ಎಷ್ಟು ಮಂದಿ ನಡುವೆ ಬಿಟ್ಟರು, ಏತಕ್ಕೆ ಬಿಟ್ಟರು ಎಂಬ ಲೆಕ್ಕವು ವಿರಳ.

ಭಾರತದಲ್ಲಿ ಈ ಹೆಸರಿನ ಕಾಲೇಜನ್ನು 1995ರಲ್ಲಿ ಪುದುಚೇರಿ ವಿಶ್ವವಿದ್ಯಾನಿಲಯವು ಆರಂಭಿಸಿತು. 2013ರಲ್ಲಿ ಕೇಂದ್ರ ಸರ್ಕಾರವು ಇನ್ನೂರು ಸಮುದಾಯ ಕಾಲೇಜುಗಳ ಯೋಜನೆಯನ್ನು ಕೈಗೊಂಡಿತು. ಇವು ಬಹುಮಟ್ಟಿಗೆ ಸ್ವತಂತ್ರವಾದ ಸಂಸ್ಥೆಗಳಲ್ಲ; ಮೊದಲೇ ಇರುವ ಕಾಲೇಜುಗಳ, ಪಾಲಿಟೆಕ್ನಿಕ್ಕುಗಳ ಕೋಣೆಗಳಲ್ಲಿ ನಡೆಯುವ ಸರ್ಟಿಫಿಕೇಟು, ಡಿಪ್ಲೊಮಾ ತರಗತಿಗಳು. ವೃತ್ತಿಯೊಂದನ್ನು ಕಲಿಸಿ ಉದ್ಯೋಗಕ್ಕೆ ಹಚ್ಚುವುದರ ಮೇಲೆಯೇ ಒತ್ತು ಹೆಚ್ಚು. ಅದು ತಪ್ಪಲ್ಲ. ಆದರೆ ಜೋಲಿಯೆಟ್ಟಿನಲ್ಲಿ ಮೊದಲನೆಯದಾಗಿದ್ದ ಉದ್ದೇಶ, ಎಂದರೆ ಇಲ್ಲಿ ಓದಿದುದು ಮೇಲಿನ ಪದವಿಯ ಲೆಕ್ಕಕ್ಕೆ ಸೇರಬೇಕೆಂಬುದು, ಇಲ್ಲಿ ಗಟ್ಟಿಯಾಗಿ ಬೇರೂರಿಲ್ಲ. 2014ರಿಂದ ವೃತ್ತಿಪದವಿಯ ಮೂರು ವರ್ಷಗಳ ಪಾಠಕ್ರಮವೂ, 2021ರಲ್ಲಿ ವಿದ್ಯಾರ್ಥಿಯು ಗಳಿಸಿದ ಕಲಿಕೆಯನ್ನು ಜಮೆಯಿಟ್ಟುಕೊಳ್ಳುವ ನಿಯಮಗಳೂ ಬಂದಿರುವುದರಿಂದ ಕಾಗದದ ಮೇಲೆ ದಾರಿಯುಂಟು. ಹೊಲಿಗೆಯನ್ನೋ ವಿದ್ಯುತ್ತಿನ ಕೆಲಸವನ್ನೋ ಒಂದು ವರ್ಷ ಕಲಿತ ಹಳ್ಳಿಯ ಹುಡುಗಿಯು ಆ ಪ್ರಮಾಣಪತ್ರವನ್ನು ಹಿಡಿದು ಸಮೀಪದ ಪದವಿ ಕಾಲೇಜಿನ ಗುಮಾಸ್ತರ ಮುಂದೆ ನಿಂತರೆ ಏನಾಗುವುದೆಂಬುದೇ ಆ ದಾರಿಯ ಪರೀಕ್ಷೆ.

ಇಂತಹ ವಿದ್ಯಾಲಯವನ್ನು ಯಾವ ಮಠವಾಗಲಿ, ಯಾವ ಸಂಘವಾಗಲಿ ತೆರೆಯುವುದಾದರೆ, ಮೊದಲು ಪದವಿ ಕಾಲೇಜೊಂದರ ಜೊತೆಗೆ ಲಿಖಿತವಾದ ಒಡಂಬಡಿಕೆಯನ್ನು ಮಾಡಿಕೊಳ್ಳುವುದು ಯುಕ್ತ. ತರಗತಿಯ ವೇಳೆಯನ್ನು ಗೊತ್ತುಮಾಡುವ ಮೊದಲು ಊರೂರಿನ ಬಸ್ಸಿನ ವೇಳೆಯನ್ನು ನೋಡಬೇಕು. ಸಾಯಂಕಾಲದ ಕಡೆಯ ಬಸ್ಸು ಆರು ಘಂಟೆಗೆ ಹೊರಡುವ ಊರಿನಲ್ಲಿ ಆರೂವರೆಗೆ ಮುಗಿಯುವ ಪಾಠವು ಹೆಣ್ಣುಮಕ್ಕಳಿಗೆ ಇಲ್ಲದಂತೆಯೇ. ಪ್ರತಿ ಎಂಬತ್ತು ಮಂದಿಗೆ, ಪಾಠವನ್ನು ಹೇಳುವುದಕ್ಕಲ್ಲದೆ ಯೋಗಕ್ಷೇಮವನ್ನು ವಿಚಾರಿಸುವುದಕ್ಕೇ ಒಬ್ಬರನ್ನು ನೇಮಿಸತಕ್ಕದ್ದು; ಮೂರು ದಿನ ಬಾರದವನ ಮನೆಗೆ ನಾಲ್ಕನೆಯ ದಿನ ಅವರು ಹೋಗತಕ್ಕದ್ದು. ಹಾಜರಿ ಪುಸ್ತಕದ ಬಲಗಡೆಯಲ್ಲಿ ಇನ್ನೊಂದು ಅಂಕಣವನ್ನು ಎಳೆದು, ಬಿಟ್ಟುಹೋದವನ ಹೆಸರಿನ ಮುಂದೆ ಕಾರಣವನ್ನೂ, ವಿಚಾರಿಸಿ ಬಂದವರ ರುಜುವನ್ನೂ ಬರೆಯಿಸಿ, ವರ್ಷಾಂತ್ಯದ ಸಭೆಯಲ್ಲಿ ಜಮಾಖರ್ಚಿನ ತಖ್ತೆಯನ್ನು ಓದುವ ಮೊದಲು ಆ ಅಂಕಣವನ್ನು ಓದಿಸತಕ್ಕದ್ದು.